ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರ ಜೀವಿತವೂ ದೀನಸೇವೆಯೂ



ದೀನಭಾವವನ್ನು ಬಾಯಿಂದ ಹೊಗಳದ ಕ್ರೈಸ್ತನು ನಮ್ಮಲ್ಲಿ ಒಬ್ಬನೂ ಇರಲಾರನು. ನಮ್ಮ ಕರ್ತನು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದ ಸಂಗತಿಯನ್ನು ವರುಷ ವರುಷವೂ ಆಲಯದಲ್ಲಿ ಕೇಳಿ ನಮ್ಮ ಕಣ್ಣುಗಳು ತೇವವಾಗುತ್ತವೆ. ಆದರೆ ಸಭೆಯ ಹಿರಿಯರನ್ನು ಆರಿಸುವ ದಿನ ಬಂದಿತೆಂದರೆ, ಇಲ್ಲವೆ ಸುಗ್ಗಿಯ ಹಬ್ಬದಲ್ಲಿ ಯಾರು ಮುಂದೆ ಕೂತುಕೊಳ್ಳಬೇಕು, ಯಾರು ಚಾಪೆ ಹಾಸಬೇಕು ಎಂಬ ಮಾತು ಹುಟ್ಟಿತೆಂದರೆ, ಆ ಕಣ್ಣೀರು ಎಲ್ಲಿಗೆ ಹೋಯಿತೆಂದು ಕೇಳುವ ಹಾಗಾಗುತ್ತದೆ. ದೀನತೆಯು ಹೊಗಳುವದಕ್ಕೆ ಸುಲಭ, ನಡಿಸುವದಕ್ಕೆ ಕಷ್ಟ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಸಂಗತಿಯುಂಟು. ಕೆಳಗಣ ಸ್ಥಳವನ್ನು ನಾವೇ ಆರಿಸಿಕೊಂಡು ಕೂತುಕೊಳ್ಳುವದು ಒಂದು ವಿಧ; ಮತ್ತೊಬ್ಬರು ನಮ್ಮನ್ನು ಕೆಳಗಣ ಸ್ಥಳಕ್ಕೆ ಕಳುಹಿಸಿದಾಗ ಅಲ್ಲಿ ಗುಣುಗುಟ್ಟದೆ ಕೂತು ಕೆಲಸಮಾಡುವದು ಬೇರೆ ವಿಧ. ಮೊದಲನೆಯದರಲ್ಲಿ ನಮ್ಮ ಸ್ವಂತ ಇಷ್ಟವು ಇನ್ನೂ ಒಡೆಯನಾಗಿಯೇ ಇರಬಹುದು. ಎರಡನೆಯದರಲ್ಲಿ ಅದು ಆಳಾಗಬೇಕಾಗುತ್ತದೆ. ಈ ಎರಡು ವಿಧಗಳನ್ನೂ ಒಂದೇ ಜೀವಮಾನದಲ್ಲಿ ಕಂಡ ಒಬ್ಬ ಸೇವಕರ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ. ಅವರು ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು. ಕನ್ನಡ ಓದುಬರಹ ಬಲ್ಲವರೆಲ್ಲರೂ ಅವರ ಹೆಸರನ್ನು ಕೇಳಿದ್ದಾರೆ. ಅವರನ್ನು ದೊಡ್ಡ ನಿಘಂಟನ್ನು ಮಾಡಿದವರೆಂದು ನಾಡೆಲ್ಲಾ ಬಲ್ಲದು. ಆದರೆ ಅವರು ನಿಘಂಟನ್ನು ಮಾಡುವದಕ್ಕೋಸ್ಕರ ಈ ದೇಶಕ್ಕೆ ಬಂದವರಲ್ಲವೆಂಬದನ್ನೂ, ಅವರು ಮಾಡಬೇಕೆಂದಿದ್ದ ಕೆಲಸವು ಅವರ ಕೈಯಿಂದ ಜಾರಿಹೋದ ಮೇಲೆ ಈ ಕೆಲಸವು ಅವರಿಗೆ ದೊರೆಯಿತೆಂಬದನ್ನೂ ಬಲ್ಲವರು ಕೆಲವರೇ.

ಕಿಟ್ಟೆಲ್ ಅಯ್ಯನವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿ ದೇಶದ ಉತ್ತರದಲ್ಲಿ, ಸಮುದ್ರತೀರದ ಪೂರ್ವ ಫ್ರೀಸ್ಲಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ಅವರ ತಂದೆ ಒಬ್ಬ ಸಭಾಪಾಲಕರು. ಆದಕಾರಣ ದೇವರ ವಾಕ್ಯವೂ ಪ್ರಾರ್ಥನೆಯೂ ಬಾಲ್ಯದಿಂದಲೇ ಅವರ ಮನೆಯ ರೊಟ್ಟಿಯ ಹಾಗೆ ಇದ್ದವು. ಔರಿಖ್ ಪಟ್ಟಣದ ಶಾಲೆಯಲ್ಲಿ ಅವರು ಲತೀನ್, ಗ್ರೀಕ್, ಇಬ್ರಿಯ ಮೊದಲಾದ ಭಾಷೆಗಳನ್ನು ಕಲಿತರು. ಭಾಷೆಗಳ ವಿಷಯದಲ್ಲಿ ದೇವರು ಅವರಿಗೆ ವಿಶೇಷವಾದ ವರವನ್ನು ಕೊಟ್ಟಿದ್ದನೆಂಬದು ಆಗಲೇ ತಿಳಿದುಬಂತು. ಅಂಥ ವಿದ್ಯೆಯುಳ್ಳ ಹುಡುಗನು ತನ್ನ ದೇಶದಲ್ಲಿಯೇ ಉಳಿದಿದ್ದರೆ ದೊಡ್ಡ ಪಂಡಿತನಾಗಿ, ಮಾನವುಳ್ಳ ಉದ್ಯೋಗವನ್ನು ಪಡೆದು ಸುಖವಾಗಿರಬಹುದಾಗಿತ್ತು. ಆದರೆ ಅವರು 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಿಟ್ಸರ್ಲಾಂಡ್ ದೇಶದ ಬಾಸೆಲ್ ಪಟ್ಟಣದಲ್ಲಿದ್ದ ಮಿಶನ್ ಶಾಲೆಗೆ ಸೇರಿದರು.

ಈ ಬಾಸೆಲ್ ಮಿಶನನ್ನು ಕುರಿತು ನಮ್ಮ ವಾಚಕರಿಗೆ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ಅದು 1815ರಲ್ಲಿ ಸ್ಥಾಪಿತವಾಯಿತು. 1834ರಲ್ಲಿ ಅದರ ಮೊದಲಿನ ಮೂವರು ಸೇವಕರು ಮಂಗಳೂರಿಗೆ ಬಂದರು. ಅಲ್ಲಿಂದ ಧಾರವಾಡ, ಹುಬ್ಬಳ್ಳಿಗಳ ಕಡೆಗೂ, ಕೊಡಗಿಗೂ, ನೀಲಗಿರಿಗೂ, ಮಲೆಯಾಳ ಸೀಮೆಗೂ ಅದರ ಕೆಲಸವು ಹಬ್ಬಿತು. ಆ ಮಿಶನಿನ ಕ್ರಮಗಳು ಬಹಳ ಬಿಗಿಯಾಗಿದ್ದವು. ಸೇವಕನು ಯಾವ ಊರಲ್ಲಿರಬೇಕು, ಯಾವ ಕೆಲಸ ಮಾಡಬೇಕು, ಯಾವಾಗ ಮದುವೆಯಾಗಬೇಕು ಎಂಬದೆಲ್ಲವೂ ಬಾಸೆಲಿನ ಹಿರಿಯರ ಸಮಿತಿಯ ಅಪ್ಪಣೆಯ ಮೇರೆಗೇ ನಡೆಯಬೇಕಾಗಿತ್ತು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಯಾಕಂದರೆ ಕಿಟ್ಟೆಲ್ ಅಯ್ಯನವರ ದೀನತೆಯು ಪರೀಕ್ಷೆಗೆ ಬಂದದ್ದು ಅನ್ಯಜನರ ಕಲ್ಲೇಟಿನಿಂದಲ್ಲ, ತಮ್ಮ ಸ್ವಂತ ಸಹೋದರರ ತೀರ್ಮಾನಗಳಿಂದಲೇ.

1853ರಲ್ಲಿ ಅವರು ಸಮುದ್ರ ದಾಟಿ ಮಂಗಳೂರಿಗೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರುಷ. ಬಂದ ಕೂಡಲೆ ಕನ್ನಡವನ್ನು ಕಲಿಯತೊಡಗಿ, ಸ್ವಲ್ಪ ಕಾಲದಲ್ಲಿಯೇ ಧಾರವಾಡ ಸೀಮೆಗೆ ಹೋಗಿ ಅಲ್ಲಿ ಸುವಾರ್ತೆಯನ್ನು ಸಾರುವ ಕೆಲಸಕ್ಕೆ ಇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ವಿಚಾರ. ಅಪೋಸ್ತಲನಾದ ಪೌಲನು ಯೆಹೂದ್ಯರ ನಡುವೆ ಯೆಹೂದ್ಯನಂತೆಯೂ ಇತರರ ನಡುವೆ ಅವರಂತೆಯೂ ನಡೆದುಕೊಂಡನಲ್ಲಾ. ಹಾಗಾದರೆ ಕನ್ನಡಿಗರ ನಡುವೆ ಬಂದವನು ಕನ್ನಡಿಗನಂತೆಯೇ ಯಾಕೆ ಆಗಬಾರದು? ಆ ಕಾಲದಲ್ಲಿ ಮಿಶನೆರಿಗಳು ದೊಡ್ಡ ಬಂಗಲೆಗಳಲ್ಲಿ ವಾಸವಾಗಿದ್ದು, ಆಳುಕಾಳುಗಳನ್ನು ಇಟ್ಟುಕೊಂಡು, ಜನರ ಕಣ್ಣಿಗೆ ಆಳುವ ದೊರೆಗಳ ಜಾತಿಯವರಾಗಿಯೇ ತೋರುತ್ತಿದ್ದರು. ಬಡವನಾದ ಒಕ್ಕಲಿಗನು ಅಂಥ ಬಂಗಲೆಯ ಕಟ್ಟೆಯನ್ನು ಹತ್ತುವದಕ್ಕೂ ಅಂಜುತ್ತಿದ್ದನು. ಈ ಅಂತರವು ಕ್ರಿಸ್ತನ ಸುವಾರ್ತೆಗೆ ಅಡ್ಡಿಯಾಗಿದೆಯೆಂದು ಕಿಟ್ಟೆಲ್ ಅಯ್ಯನವರಿಗೆ ತೋಚಿತು. ಅವರು ಕಾಲ್ನಡೆಯಾಗಿ ಹಳ್ಳಿಗಳನ್ನು ತಿರುಗಿದರು; ಸ್ವಲ್ಪ ಖರ್ಚಿನಲ್ಲಿ, ಈ ದೇಶದವರ ಹಾಗೆ ಬದುಕುವದಕ್ಕೆ ಪ್ರಯತ್ನಿಸಿದರು; ಜನರೊಂದಿಗೆ ಕೂತು ಅವರ ಮಾತನ್ನು ಕೇಳುವದಕ್ಕೆ ಹೆಚ್ಚು ಹೊತ್ತನ್ನು ಕೊಟ್ಟರು.

ಇದನ್ನು ಓದುವ ನಮಗೆ ಅವರ ನಡತೆಯು ಬಹಳ ಮೆಚ್ಚಿಕೆಯಾಗಿ ಕಾಣುತ್ತದೆ. ಆದರೆ ಅವರ ಜೊತೆಕೆಲಸದವರಿಗೆ ಹಾಗೆ ಕಾಣಲಿಲ್ಲ. ಒಬ್ಬನು ಬಂಗಲೆಯನ್ನು ಬಿಟ್ಟು ಬಡವನಂತೆ ನಡೆದರೆ, ಬಂಗಲೆಯಲ್ಲಿರುವ ಉಳಿದವರಿಗೆ ಅದು ಮಾತಿಲ್ಲದ ಗದರಿಕೆಯಂತೆ ತೋರದಿರುವದೇ? ಅವರು ಇವರನ್ನು ಹಟವುಳ್ಳವರೆಂದೂ, ಯಾರೊಂದಿಗೂ ಹೊಂದಿಕೊಳ್ಳದವರೆಂದೂ ಎಣಿಸಿದರು. ಕಿಟ್ಟೆಲ್ ಅಯ್ಯನವರ ಸ್ವಭಾವವು ಸಹ ಮಾತು ಕಡಿಮೆಯಾದ, ಒಂಟಿಯಾಗಿರುವ ಸ್ವಭಾವವಾಗಿತ್ತು. ಹೀಗಿರಲಾಗಿ ಅವರಿಗೂ ಸಹೋದರರಿಗೂ ನಡುವೆ ಬಿರುಕು ಉಂಟಾಯಿತು. ಅವರ ಹೃದಯವನ್ನು ಅಳೆಯುವದು ನಮ್ಮ ಕೆಲಸವಲ್ಲ. ಅದು ಕರ್ತನ ಕೆಲಸ. ಆದರೂ ಇಲ್ಲಿ ನಾವು ಕಲಿಯತಕ್ಕ ಒಂದು ಪಾಠವಿದೆ. ಹರಕು ಬಟ್ಟೆಯನ್ನು ಉಟ್ಟವನು ತನ್ನ ಹರಕನ್ನು ತೋರಿಸಿ ಮತ್ತೊಬ್ಬನ ಮಡಿಬಟ್ಟೆಯನ್ನು ಹಳಿಯುವದಕ್ಕೆ ತೊಡಗಿದರೆ, ಆ ಹರಕೇ ಅವನಿಗೆ ಪೀತಾಂಬರವಾಗುತ್ತದೆ. ತಾನಾಗಿ ಆರಿಸಿಕೊಂಡ ದೀನತೆಗೆ ಈ ಅಪಾಯವು ಯಾವಾಗಲೂ ಉಂಟು. ಒಳ್ಳೇ ಉದ್ದೇಶದಿಂದ ತಗ್ಗಿದವನೂ ತನ್ನ ತಗ್ಗುವಿಕೆಯಿಂದ ಸಹೋದರರು ನೊಂದರೋ ಎಂದು ನೋಡಿಕೊಳ್ಳಬೇಕು. ಹಾಗೆಯೇ ಬಂಗಲೆಯಲ್ಲಿರುವವನು ಬೀದಿಯಲ್ಲಿ ನಡೆಯುವ ಸಹೋದರನನ್ನು ಹಟಮಾರಿಯೆಂದು ಕರೆಯುವದಕ್ಕೆ ಮೊದಲು ಸ್ವಲ್ಪ ತಾಳಬೇಕು.

ಮುಂದಿನ ವರುಷಗಳಲ್ಲಿ ಅವರು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಕಳುಹಿಸಲ್ಪಟ್ಟರು. ಧಾರವಾಡ, ಹುಬ್ಬಳ್ಳಿ, ನೀಲಗಿರಿ, ಮಂಗಳೂರು, ಮಡಿಕೇರಿ ಈ ಊರುಗಳೆಲ್ಲಾ ಅವರ ಹೆಜ್ಜೆಗಳನ್ನು ಬಲ್ಲವು. ಆದರೆ ಹಳ್ಳಿಗಳಲ್ಲಿ ಸುವಾರ್ತೆಯನ್ನು ಸಾರಿ ಸಭೆಗಳನ್ನು ಕಟ್ಟಬೇಕೆಂಬ ಅವರ ಆಶೆಯು ನೆರವೇರಲಿಲ್ಲ. ಅವರ ಮಾತಿನಿಂದ ಹೆಚ್ಚು ಮಂದಿ ದೀಕ್ಷಾಸ್ನಾನಕ್ಕೆ ಬಂದರೆಂದು ಹೇಳುವದಕ್ಕಿಲ್ಲ. ಕಡೆಗೆ, ಇವರು ಸಾರುವ ಕೆಲಸಕ್ಕಿಂತ ಬರವಣಿಗೆಯ ಕೆಲಸಕ್ಕೆ ಯೋಗ್ಯರೆಂಬ ಅಭಿಪ್ರಾಯವು ಹಿರಿಯರಲ್ಲಿ ನೆಲೆಗೊಂಡಿತು. ಆ ಕಾಲದ ಮಿಶನಿನಲ್ಲಿ ಬರವಣಿಗೆಯು ಮೊದಲನೆಯ ಸ್ಥಾನದ ಕೆಲಸವಾಗಿರಲಿಲ್ಲ. ಸುವಾರ್ತೆಯನ್ನು ಸಾರುವದು, ಸಭೆಯನ್ನು ಮೇಯಿಸುವದು, ಶಾಲೆಯನ್ನು ನಡಿಸುವದು, ಇವು ಮುಂದಿನವು. ಹಳೆಯ ಓಲೆಗರಿಗಳನ್ನೂ ವ್ಯಾಕರಣವನ್ನೂ ಹಿಡಿದು ಕೂತಿರುವದು ಹಿಂದಿನದು. ಅದರಲ್ಲಿ ಆತ್ಮಗಳಿಗೆ ಏನು ಲಾಭವೆಂದು ಕೇಳುವವರೂ ಇದ್ದರು. ಕನ್ನಡ ಜನರ ನಡುವೆ ಬೀದಿಯಲ್ಲಿ ಇರಬೇಕೆಂದು ಬಂದವನಿಗೆ ಮೇಜೂ ದೀಪವೂ ಹಾಳೆಗಳೂ ಪಾಲಾಗಿ ಬಂದವು. ನಾವು ಮೇಲೆ ಹೇಳಿದ ಎರಡನೆಯ ವಿಧದ ದೀನತೆಯು ಇಲ್ಲಿ ಆರಂಭವಾಗುತ್ತದೆ.

ಅವರ ಮನೆಯಲ್ಲಿಯೂ ದುಃಖವು ಬಾರದೆ ಇರಲಿಲ್ಲ. 1860ರಲ್ಲಿ ಅವರು ಪೌಲಿನೆ ಐತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರುಷಗಳಲ್ಲಿ, 1864ರಲ್ಲಿ, ಆ ತಾಯಿಯವರು ಕರ್ತನಲ್ಲಿ ನಿದ್ರೆಹೋದರು. ತರುವಾಯ 1867ರಲ್ಲಿ ಪೌಲಿನೆಯವರ ತಂಗಿಯಾದ ಯೂಲಿಯೆಯವರನ್ನು ಮದುವೆಯಾದರು. ಈ ದುಃಖಗಳ ನಡುವೆಯೂ ಅವರ ಕೈ ಕೆಲಸವನ್ನು ಬಿಡಲಿಲ್ಲ.

ಅವರು ಮೇಜಿನ ಮುಂದೆ ಕೂತರೂ ಹಳ್ಳಿಯ ಜನರನ್ನು ಮರೆಯಲಿಲ್ಲವೆಂಬದಕ್ಕೆ ಒಂದು ಸಾಕ್ಷಿಯು ಕಥಾಮಾಲೆ ಎಂಬ ಪುಸ್ತಕ. ಅದು 1862ರಲ್ಲಿ ಪ್ರಕಟವಾಯಿತು. ಅದರಲ್ಲಿ ನಮ್ಮ ಕರ್ತನ ಚರಿತ್ರೆಯನ್ನು ಅವರು ಈ ದೇಶದ ಛಂದಸ್ಸುಗಳಲ್ಲಿ ಪದ್ಯವಾಗಿ ಕಟ್ಟಿದರು. ಜರ್ಮನಿ ದೇಶದ ರಾಗಕ್ಕೆ ಕನ್ನಡ ಮಾತನ್ನು ಎಳೆದು ಜೋಡಿಸುವದು ಆಗಿನ ವಾಡಿಕೆ. ಜೈಮಿನಿ ಭಾರತವನ್ನು ಹಾಡಿ ಕೇಳುವ ಜನರಿಗೆ ಯೇಸುವಿನ ಕಥೆಯು ಅವರ ಕಿವಿಗೆ ಪರಿಚಯವಾದ ನಡೆಯಲ್ಲಿಯೇ ಬರಬೇಕೆಂದು ಇವರು ಎಣಿಸಿದರು. ಶಾಲೆಯ ಮಕ್ಕಳಿಗೋಸ್ಕರ ಹಳೆಯ ಕವಿಗಳ ಪದ್ಯಗಳನ್ನು ಆಯ್ದು ಸಣ್ಣ ಕರ್ನಾಟಕ ಕಾವ್ಯಮಾಲೆಯನ್ನೂ ಸಿದ್ಧಪಡಿಸಿದರು.

ಬಳಿಕ ಅವರು ಹಳಗನ್ನಡದ ಆಳಕ್ಕೆ ಇಳಿದರು. ಹದಿಮೂರನೆಯ ಶತಮಾನದ ಜೈನ ಪಂಡಿತನಾದ ಕೇಶಿರಾಜನು ಬರೆದ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು ಅನೇಕ ಪ್ರತಿಗಳೊಂದಿಗೆ ಹೋಲಿಸಿ ನೋಡಿ 1872ರಲ್ಲಿ ಅಚ್ಚುಹಾಕಿಸಿದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಪ್ರಕಟಿಸಿದರು. ಓಲೆಗರಿಯ ಪ್ರತಿಗಳನ್ನು ಓದುವದು ಎಂಥ ಕೆಲಸವೆಂಬದನ್ನು ವಾಚಕರು ಆಲೋಚಿಸಬೇಕು. ಅಕ್ಷರಗಳ ನಡುವೆ ತೆರಪಿಲ್ಲ. ಹುಳು ತಿಂದ ಕಡೆಗಳಲ್ಲಿ ಅಕ್ಷರವೇ ಇಲ್ಲ. ಒಂದು ಪ್ರತಿಯಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಬೇರೆ ಪಾಠ. ಅರ್ಥವಾಗದೆ ಇದ್ದಲ್ಲಿ ಈ ದೇಶದ ಪಂಡಿತರನ್ನು ಕೇಳಲೇಬೇಕು. ಬೋಧಿಸುವದಕ್ಕೆ ಬಂದ ಯೂರೋಪದ ವಿದ್ವಾಂಸನು ಹೀಗೆ ಜೈನ ಗ್ರಂಥಕರ್ತರ ಮುಂದೆಯೂ ಊರಿನ ಪಂಡಿತರ ಮುಂದೆಯೂ ವಿದ್ಯಾರ್ಥಿಯಾಗಿ ಕೂತನು. ತನ್ನ ನಂಬಿಕೆಯನ್ನು ಅವನು ಬಿಡಲಿಲ್ಲ, ಮುಚ್ಚಿಡಲೂ ಇಲ್ಲ; ಆದರೆ ತನಗೆ ಗೊತ್ತಿಲ್ಲದ್ದನ್ನು ಬಲ್ಲವರಿಂದ ಕಲಿಯುವದಕ್ಕೆ ನಾಚಲಿಲ್ಲ.

ಈಗ ನಿಘಂಟಿನ ಸಂಗತಿಗೆ ಬರೋಣ. ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅರ್ಥವನ್ನು ಕೊಡುವ ನಿಘಂಟು ಮೊದಲು ಇರಲಿಲ್ಲವೆಂದಲ್ಲ. ಲಂಡನ್ ಮಿಶನಿನ ವಿಲಿಯಂ ರೀವ್ ಅಯ್ಯನವರು 1832ರಲ್ಲಿ ಅಂಥದೊಂದನ್ನು ಪ್ರಕಟಿಸಿದ್ದರು. ಅದನ್ನು ವೆಸ್ಲಿಯನ್ ಮಿಶನಿನ ಸ್ಯಾಂಡರ್ಸನ್ ಅಯ್ಯನವರು ತಿದ್ದಿ 1858ರಲ್ಲಿ ಬೆಂಗಳೂರಲ್ಲಿ ಅಚ್ಚುಹಾಕಿಸಿದರು. ಆದರೂ ಹಳಗನ್ನಡ, ನಡುಗನ್ನಡ, ಈಗಿನ ಕನ್ನಡ ಈ ಮೂರನ್ನೂ ಒಳಗೊಂಡು, ಪ್ರತಿಯೊಂದು ಮಾತು ಎಲ್ಲಿಂದ ಬಂತೆಂಬದನ್ನು ತೋರಿಸುವ ದೊಡ್ಡ ನಿಘಂಟು ಬೇಕಾಗಿತ್ತು. ಆ ಭಾರವು ಕಿಟ್ಟೆಲ್ ಅಯ್ಯನವರ ಹೆಗಲಿನ ಮೇಲೆ ಬಂತು. ಸರಕಾರದವರೂ ಖರ್ಚಿಗೆ ಸಹಾಯಮಾಡಿದರು. ಆದರೆ ಹಣದಿಂದ ನಿಘಂಟು ಹುಟ್ಟುವದಿಲ್ಲ, ತಾಳ್ಮೆಯಿಂದ ಹುಟ್ಟುತ್ತದೆ. ಇಪ್ಪತ್ತು ವರುಷಗಳಿಗಿಂತ ಹೆಚ್ಚು ಕಾಲ ಈ ಒಂದೇ ಕೆಲಸವು ಅವರ ಜೀವವನ್ನು ಹಿಡಿದಿತು.

ಒಂದು ಮಾತನ್ನು ನಿಘಂಟಿಗೆ ಸೇರಿಸಬೇಕಾದರೆ ಏನೇನು ಮಾಡಬೇಕು? ಅದು ಯಾವ ಗ್ರಂಥದಲ್ಲಿ ಬಂದಿದೆ, ಯಾವ ಅರ್ಥದಲ್ಲಿ ಬಂದಿದೆ ಎಂದು ಹುಡುಕಬೇಕು. ಅದು ಸಂಸ್ಕೃತದಿಂದ ಬಂದದ್ದೋ, ಕನ್ನಡದ್ದೇ ಆದ ಮಾತೋ ಎಂದು ವಿಚಾರಿಸಬೇಕು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿ ಅದಕ್ಕೆ ಅಕ್ಕತಂಗಿಯರು ಉಂಟೋ ಎಂದು ನೋಡಬೇಕು. ಜನರ ಬಾಯಲ್ಲಿರುವ ಗಾದೆಗಳಲ್ಲಿ ಅದು ಹೇಗೆ ಬರುತ್ತದೆಂದು ಕೇಳಬೇಕು. ಎಲ್ಲವನ್ನೂ ಕೈಯಿಂದ ಬರೆದು, ಅಕ್ಷರಕ್ರಮದಲ್ಲಿ ಇಟ್ಟು, ಅಚ್ಚಿನ ಕರಡನ್ನು ತಿದ್ದಬೇಕು. ಇಂಥ ಮಾತುಗಳು ನೂರಲ್ಲ, ಸಾವಿರವಲ್ಲ, ಸುಮಾರು 70,000.

ಮತ್ತು ಈ ಮಾತುಗಳು ಯಾರವು? ಅರಸರ ಆಸ್ಥಾನದ ಕವಿಗಳವು ಮಾತ್ರವೇ ಅಲ್ಲ. ನೊಗ, ಕುಂಟೆ, ಕೂರಿಗೆ, ಒನಕೆ, ಮೊರ ಇವೂ ಆ ನಿಘಂಟಿನಲ್ಲಿ ದೇವಭಾಷೆಯೆಂದು ಎಣಿಸಲ್ಪಟ್ಟ ಸಂಸ್ಕೃತದ ಮಾತುಗಳ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಕೂತಿವೆ. ಅಲ್ಲಿ ಮೇಲುಜಾತಿಯ ಮಾತಿಗೆ ಮೇಲಿನ ಮಣೆಯೂ ಕೀಳುಜಾತಿಯ ಮಾತಿಗೆ ಹೊರಗಣ ಜಗಲಿಯೂ ಇಲ್ಲ. ಅಕ್ಷರದ ಕ್ರಮವೊಂದೇ ಕ್ರಮ. ಹೊಲ ಉಳುವವನ ಮಾತೂ ಭತ್ತ ಕುಟ್ಟುವ ತಾಯಿಯ ಮಾತೂ ವಿಚಾರಿಸಿ ಬರೆದಿಡುವದಕ್ಕೆ ಯೋಗ್ಯವೆಂದು ಈ ಪುಸ್ತಕವು ಸಾರುತ್ತದೆ. ಕಾಲ್ನಡೆಯಾಗಿ ಹಳ್ಳಿಗೆ ಹೋಗಿ ಜನರೊಂದಿಗೆ ಕೂತುಕೊಳ್ಳಬೇಕೆಂಬ ಅವರ ಯೌವನದ ಆಶೆಯು ಸತ್ತುಹೋಗಿರಲಿಲ್ಲವೆಂದು ನಮಗೆ ತೋರುತ್ತದೆ. ಅದು ಬೇರೆ ಬಾಗಿಲಿನಿಂದ ಒಳಗೆ ಬಂತು. ತಾವು ಹಳ್ಳಿಯವರ ನಡುವೆ ಉಳಿಯುವದಕ್ಕೆ ಆಗದಿದ್ದರೂ ಹಳ್ಳಿಯವರ ಮಾತುಗಳು ಅವರ ಮೇಜಿನ ಬಳಿಗೆ ಬಂದು ಅವರೊಂದಿಗೆ ಉಳಿದವು.

ಈ ಕೆಲಸವು ಸುಸೂತ್ರವಾಗಿ ಸಾಗಿತೆಂದು ಯಾರೂ ಎಣಿಸಬಾರದು. 1877ರಲ್ಲಿ ಆರೋಗ್ಯ ಕೆಟ್ಟು ಅವರು ಸ್ವದೇಶಕ್ಕೆ ಹೋಗಬೇಕಾಯಿತು. ಅಲ್ಲಿದ್ದುಕೊಂಡೇ ಕೆಲಸವನ್ನು ಮುಂದುವರಿಸಿದರು. ಆದರೆ ಕನ್ನಡ ಮಾತಾಡುವವರು ಇಲ್ಲದ ಊರಲ್ಲಿ ಕನ್ನಡದ ನಿಘಂಟು ಪೂರ್ತಿಯಾಗುವದು ಹೇಗೆ? ಆದಕಾರಣ 1883ರಲ್ಲಿ, ಐವತ್ತು ವರುಷ ದಾಟಿದ ಮೇಲೆ, ಪುನಃ ಈ ದೇಶಕ್ಕೆ ಬಂದರು. ಪುನಃ ಪಂಡಿತರನ್ನು ಕೇಳಿದರು, ಪುನಃ ಹಾಳೆಗಳನ್ನು ತಿದ್ದಿದರು. ತಮಗೆ ಸಹಾಯಮಾಡಿದ ಈ ದೇಶದವರನ್ನು ಅವರು ಮರೆಯಲಿಲ್ಲ. ನಿಘಂಟಿನ ಪೀಠಿಕೆಯಲ್ಲಿ ಅವರ ಉಪಕಾರವನ್ನು ಸ್ಮರಿಸಿದ್ದಾರೆ. ಹೊರೆಯನ್ನು ಹೊರುವಾಗ ಜೊತೆಯಲ್ಲಿದ್ದವನನ್ನು ಕೂಲಿ ಹಂಚುವಾಗ ಮರೆಯುವದು ಲೋಕದ ವಾಡಿಕೆಯಾಗಿದೆ. ಆ ವಾಡಿಕೆಗೆ ಅವರು ಸೇರಲಿಲ್ಲ.

1892ರಲ್ಲಿ ಅವರು ಕಡೆಯ ಸಾರಿ ಈ ದೇಶವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ನಿಘಂಟು ಹೊರಟಿತು. ಅದರ ಪುಟಗಳು 1752. ಅದನ್ನು ಎರಡು ಕೈಗಳಿಂದ ಎತ್ತಿ ನೋಡಿದವರಿಗೆ, ಒಬ್ಬ ಮನುಷ್ಯನು ತನ್ನ ಆಯುಷ್ಯವನ್ನೇ ತೂಕಕ್ಕೆ ಹಾಕಿದ್ದಾನೆಂದು ತಿಳಿಯುವದು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು ಅವರಿಗೆ ಡಾಕ್ಟರ್ ಎಂಬ ಗೌರವಪದವಿಯನ್ನು ಕೊಟ್ಟರು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತನಾಲ್ಕು ವರುಷವಾಗಿತ್ತು. ಇನ್ನು ಸಾಕೆಂದು ಕೂತುಕೊಳ್ಳದೆ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಬರೆದರು. ಅದರಲ್ಲಿ ಹಳೆಯ, ನಡುವಣ, ಹೊಸ ಕನ್ನಡಗಳ ಕ್ರಮಗಳನ್ನು ಒಟ್ಟಾಗಿ ವಿವರಿಸಿದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರುಷ ದಶಂಬರ 18ರಂದು, ಕ್ರಿಸ್ತಜಯಂತಿಗೆ ಒಂದು ವಾರವಿರುವಾಗ, ಟ್ಯೂಬಿಂಗೆನಿನಲ್ಲಿ ಅವರು ತಮ್ಮ ಕರ್ತನ ವಿಶ್ರಾಂತಿಯಲ್ಲಿ ಸೇರಿದರು. ಅವರ ಆಯುಷ್ಯವು ಎಪ್ಪತ್ತೊಂದು ವರುಷ.

ಅವರು ಹೋದ ಮೇಲೆ ಕನ್ನಡ ನಾಡು ಅವರನ್ನು ಮರೆಯಲಿಲ್ಲ. ಕನ್ನಡವನ್ನು ಪ್ರೀತಿಸುವ ಸಕಲ ಮತದವರೂ ಅವರನ್ನು ತಮ್ಮವರೆಂದು ಹೇಳುತ್ತಾರೆ. ಪ್ರೊಫೆಸರ್ ಮರಿಯಪ್ಪ ಭಟ್ಟರು ಅವರ ನಿಘಂಟನ್ನು ತಿದ್ದಿ ಬೆಳೆಸಿದರು. ಅದನ್ನು ಮದ್ರಾಸ್ ವಿಶ್ವವಿದ್ಯಾಲಯದವರು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಾಗಿ ಪ್ರಕಟಿಸಿದರು. ಧಾರವಾಡದ ಒಂದು ಕಾಲೇಜಿಗೆ ಅವರ ಹೆಸರಿದೆ. ಬೆಂಗಳೂರಲ್ಲಿ ಅವರ ಪ್ರತಿಮೆ ಇದೆ. ಅಲ್ಲಿಯ ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರವೆಂಬ ಹೆಸರನ್ನು ಇಟ್ಟಿದ್ದಾರೆ. ಅವರ ಜೀವಮಾನದಲ್ಲಿ ಹಿಂದಿನ ಸ್ಥಾನದ್ದೆಂದು ಎಣಿಸಲ್ಪಟ್ಟ ಕೆಲಸವೇ ಹೀಗೆ ಮುಂದೆ ಬಂತು. ಆದರೆ ಈ ಪ್ರತಿಮೆಯನ್ನಾಗಲಿ ಈ ಹೆಸರನ್ನಾಗಲಿ ಅವರು ಕಣ್ಣಾರೆ ಕಾಣಲಿಲ್ಲವೆಂಬದನ್ನು ನಾವು ಮರೆಯಬಾರದು. ಮಾನವು ಬರುವದೆಂದು ತಿಳಿದು ತಗ್ಗುವವನು ವ್ಯಾಪಾರಿಯೇ ಹೊರತು ದೀನನಲ್ಲ.

ಈ ಚರಿತ್ರೆಯಿಂದ ನಮ್ಮ ಹಳ್ಳಿಯ ಸಭೆಗಳು ಕಲಿಯತಕ್ಕದ್ದೇನು?

ಮೊದಲನೆಯದಾಗಿ, ಯಾರಿಗೆ ಕಲಿಸುವದಕ್ಕೆ ಹೋಗುತ್ತೇವೋ ಅವರಿಂದ ಕಲಿಯುವದಕ್ಕೆ ಸಿದ್ಧರಾಗಿರಬೇಕು. ನಮ್ಮ ಉಪದೇಶಿಗಳೂ ಹಿರಿಯರೂ ಮನೆಮನೆಗಳಿಗೆ ಹೋಗುವಾಗ ಮಾತಾಡುವದಕ್ಕೆ ಬಾಯನ್ನು ಒಯ್ಯುತ್ತಾರೆ. ಕೇಳುವದಕ್ಕೆ ಕಿವಿಯನ್ನೂ ಒಯ್ಯುತ್ತಾರೋ? ಓದು ಬಾರದ ಮುದುಕಿಯು ಹೇಳುವ ಪ್ರಾರ್ಥನೆಯಲ್ಲಿ, ಕೂಲಿಯವನು ತನ್ನ ಕಷ್ಟವನ್ನು ಹೇಳಿಕೊಳ್ಳುವ ಮಾತಿನಲ್ಲಿ ನಮಗೆ ಗೊತ್ತಿಲ್ಲದ ಒಂದು ಪಾಠ ಇರಬಹುದು. ಇಬ್ರಿಯ ಗ್ರೀಕ್ ಭಾಷೆಗಳನ್ನು ಬಲ್ಲವನು ಒಕ್ಕಲಿಗನ ಕೂರಿಗೆಯ ಹೆಸರನ್ನು ಕೇಳಿ ಬರೆದುಕೊಂಡನೆಂದರೆ, ನಾಲ್ಕು ಪುಸ್ತಕ ಓದಿದ ನಾವು ಯಾರನ್ನು ಅಲ್ಪರೆಂದು ಎಣಿಸಬಹುದು?

ಇಲ್ಲಿ ನಮ್ಮ ಯೌವನಸ್ಥರಿಗೂ ಒಂದು ಮಾತು. ಹಳ್ಳಿಗಳನ್ನು ಬಿಟ್ಟು ಬೆಂಗಳೂರಿಗೆ ಹೋಗಿ ಬನಶಂಕರಿ, ಜಯನಗರ, ಕುಮಾರಸ್ವಾಮಿ ಲೇಔಟ್ ಮೊದಲಾದ ಬಡಾವಣೆಗಳಲ್ಲಿ ನೆಲಸುವ ಮಕ್ಕಳು ಅನೇಕರಿದ್ದಾರೆ. ದೊಡ್ಡ ಊರಿನ ಸಭೆಗೆ ಸೇರಿದಾಗ ತಮ್ಮ ತಾಯಿತಂದೆಗಳ ಹಳ್ಳಿಯ ಮಾತನ್ನು ಆಡುವದಕ್ಕೆ ಅವರು ನಾಚಬಾರದು. ಆ ಮಾತನ್ನು ಕಲಿಯುವದಕ್ಕೋಸ್ಕರವೇ ಒಬ್ಬನು ಸಮುದ್ರ ದಾಟಿ ಬಂದು ಆಯುಷ್ಯವನ್ನು ಸವೆಸಿದನು. ಮತ್ತು ಅದೇ ಊರಿನ ಸಭೆಯವರು, ಹಳ್ಳಿಯಿಂದ ಬಂದ ಸಹೋದರನು ಹಿಂದಿನ ಬೆಂಚಿನಲ್ಲಿ ಅಂಜಿ ಕೂತಿರುವದನ್ನು ಕಂಡರೆ, ಎದ್ದು ಹೋಗಿ ಅವನ ಹೆಸರನ್ನು ಕೇಳಿ ಹತ್ತಿರ ಕೂತುಕೊಳ್ಳಲಿ. ಕಾಲು ತೊಳೆಯುವ ಸೇವೆಯು ಈಗಿನ ಕಾಲದಲ್ಲಿ ಹೀಗೆಯೂ ನಡೆಯುತ್ತದೆ.

ಎರಡನೆಯದಾಗಿ, ಬೇಕೆಂದ ಕೆಲಸವು ದೊರೆಯದಿದ್ದರೆ ಕೊಟ್ಟ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡಬೇಕು. ಸಭೆಯಲ್ಲಿ ಹಿರಿಯನಾಗಬೇಕೆಂದಿದ್ದವನನ್ನು ಗಂಟೆ ಬಾರಿಸುವದಕ್ಕೆ ನೇಮಿಸಿದರೆ ಅವನು ಆರು ತಿಂಗಳು ಆಲಯದ ಕಡೆಗೆ ತಲೆ ಹಾಕದೆ ಇರುವದನ್ನು ನಾವು ನೋಡಿದ್ದೇವೆ. ಹಾಡು ನಡಿಸಬೇಕೆಂದಿದ್ದವಳಿಗೆ ಆಲಯ ಗುಡಿಸುವ ಪಾಲು ಬಂದರೆ ಪೊರಕೆಯ ಸದ್ದಿನಲ್ಲಿಯೇ ಅವಳ ಸಿಟ್ಟು ಕೇಳಿಸುವದೂ ಉಂಟು. ಕಿಟ್ಟೆಲ್ ಅಯ್ಯನವರು ತಮ್ಮ ಸಹೋದರರ ತೀರ್ಮಾನದಿಂದ ನೋಯಲಿಲ್ಲವೆಂದು ನಾವು ಹೇಳುವದಿಲ್ಲ. ನೋಯದ ಮನುಷ್ಯನು ಯಾರು? ಆದರೆ ಆ ನೋವನ್ನು ಹಿಡಿದುಕೊಂಡು ಅವರು ಮಿಶನನ್ನು ಒಡೆಯಲಿಲ್ಲ, ಕೆಲಸವನ್ನು ಅರ್ಧಮನಸ್ಸಿನಿಂದ ಮಾಡಲಿಲ್ಲ. ಹಾಗೆಯೇ ಕೆಲಸವನ್ನು ಹಂಚುವ ಹಿರಿಯರಿಗೂ ಇಲ್ಲಿ ಒಂದು ಎಚ್ಚರಿಕೆಯುಂಟು. ಹಿಂದಿನ ಸ್ಥಾನದ್ದೆಂದು ಎಣಿಸಿ ಯಾರಿಗೋ ಒಪ್ಪಿಸಿದ ಕೆಲಸವನ್ನು ದೇವರು ಎಲ್ಲಕ್ಕಿಂತ ಮುಂದೆ ಇಡಬಹುದು. ಆದಕಾರಣ ಆ ಕೆಲಸದವನನ್ನು ಅವರು ತಾತ್ಸಾರ ಮಾಡಬಾರದು, ಅವನನ್ನು ಒಂಟಿಯಾಗಿ ಬಿಡಲೂಬಾರದು.

ಮೂರನೆಯದಾಗಿ, ಫಲವನ್ನು ಎಣಿಸುವದನ್ನು ದೇವರಿಗೆ ಬಿಡಬೇಕು. ಧಾರವಾಡದ ಹಳ್ಳಿಗಳನ್ನು ತಿರುಗಿ ಹೆಚ್ಚು ಫಲವನ್ನು ಕಾಣದೆ ಹಿಂದಿರುಗಿದ ಆ ಯೌವನಸ್ಥನನ್ನು ಆಗ ಯಾರಾದರೂ ನೋಡಿದ್ದರೆ, ಇವನ ಸೇವೆಯು ವ್ಯರ್ಥವಾಯಿತೆಂದು ಹೇಳುತ್ತಿದ್ದರು. ಬಿತ್ತಿದವನು ಕೊಯ್ಯುವದನ್ನು ಕಾಣದೆ ಹೋಗುವದು ಒಕ್ಕಲಿಗರಾದ ನಮಗೆ ಹೊಸ ಸಂಗತಿಯಲ್ಲ. ಅಜ್ಜನು ನೆಟ್ಟ ಹುಣಿಸೆಯ ನೆರಳಲ್ಲಿ ಮೊಮ್ಮಕ್ಕಳು ಕೂತುಕೊಳ್ಳುತ್ತಾರೆ. ಸಭೆಯ ಕೆಲಸವೂ ಹಾಗೆಯೇ.

ಸಹೋದರ ಸಹೋದರಿಯರೇ, ಬರುವ ಭಾನುವಾರ ನಾವು ಆಲಯಕ್ಕೆ ಹೋದಾಗ ನಮ್ಮ ನಮ್ಮ ಸ್ಥಳವನ್ನು ನೋಡಿಕೊಳ್ಳೋಣ. ಆ ಸ್ಥಳವು ನಮ್ಮ ಇಷ್ಟದ್ದಲ್ಲದಿದ್ದರೆ, ಅದನ್ನು ನಮಗೆ ಕೊಟ್ಟವರ ಮೇಲೆ ಇರುವ ಮುನಿಸನ್ನು ಮೊದಲು ಬಾಗಿಲ ಹೊರಗೆ ಇಟ್ಟು, ಆ ಸ್ಥಳದಲ್ಲಿ ಮಾಡತಕ್ಕ ಕೆಲಸವು ಏನೆಂದು ಕೇಳೋಣ. ಎಲ್ಲಾ ಸ್ಥಾನಗಳನ್ನೂ ಬಿಟ್ಟು ದಾಸನ ರೂಪವನ್ನು ಧರಿಸಿದ ನಮ್ಮ ಕರ್ತನಾದ ಯೇ���ು ಕ್ರಿಸ್ತನು ತನ್ನ ಸಭೆಯಲ್ಲಿರುವ ದೊಡ್ಡವರಿಗೂ ಚಿಕ್ಕವರಿಗೂ ಇಂಥ ಸೇವೆಯ ಮನಸ್ಸನ್ನು ದಯಪಾಲಿಸಲಿ.